ಟಿಕಿಂಟರ್‌ನ ಎರಡು ಸ್ಲೈಡರ್‌ಗಳು: ಕೆಲಸಕ್ಕೆ ಹಳೆಯದೇ ಮೇಲು

ಪೈಥಾನ್ ಕಲಿತವರು ವಿಂಡೋ ಮತ್ತು ಬಟನ್‌ಗಳಿರುವ ತಂತ್ರಾಂಶವೊಂದನ್ನು ಮೊದಲ ಬಾರಿಗೆ ಬರೆಯಲು ಹೊರಟಾಗ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುವ ಟಿಕಿಂಟರ್ ಎಂಬ ಲೈಬ್ರರಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದರಲ್ಲಿ ಸ್ಲೈಡರ್‌ಗೆಂದು, ಅಂದರೆ ಹಿಡಿಯನ್ನು ಎಳೆದು ಸಂಖ್ಯೆ ಆರಿಸಿಕೊಳ್ಳುವ ಪಟ್ಟಿಗೆಂದು, ಎರಡು ವಿಜೆಟ್‌ಗಳಿವೆ (ವಿಜೆಟ್ ಎಂದರೆ ವಿಂಡೋದೊಳಗಿನ ಘಟಕ). ಎರಡರ ಹೆಸರೂ ಸ್ಕೇಲ್. ಒಂದು, ಜಾನ್ ಔಸ್ಟರ್‌ಹೌಟ್ ಅವರು ಬರ್ಕ್ಲಿಯಲ್ಲಿ ರೂಪಿಸಿದ, ಟಿಕಿಂಟರ್‌ಗೆ ಆಧಾರವಾದ ಟಿಕೆಯಲ್ಲಿ 1990ರ ದಶಕದಿಂದಲೂ ಇರುವ ಮೂಲ ವಿಜೆಟ್. ಇನ್ನೊಂದು, 2007ರ ಕೊನೆಗೆ ಟಿಕೆ 8.5ರೊಂದಿಗೆ ಬಂದ ಟಿಟಿಕೆ ಎಂಬ ಹೊಸ ನೋಟದ ವಿಜೆಟ್‌ಗಳ ಸಂಗ್ರಹದ್ದು. ಫೋಟೋದ ಹೊಳಪನ್ನು ಹೆಚ್ಚು-ಕಡಿಮೆ ಮಾಡುವ ಪುಟ್ಟ ತಂತ್ರಾಂಶವೊಂದಕ್ಕೆ ಎರಡನ್ನೂ ಅಳವಡಿಸಿ ನೋಡಿದ್ದೇನೆ. ಹೊಸದು ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ, ನಮಗೆ ಬೇಕಾದ ಸಂಖ್ಯೆಯನ್ನು ಸರಿಯಾಗಿ ಕೊಡುವ ವಿಷಯದಲ್ಲಿ ಹಳೆಯ ಸ್ಕೇಲೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಸ್ಕೇಲನ್ನು ಸೇರಿಸುವುದು ಎರಡು ಸಾಲಿನ ಕೆಲಸ. ಅದು ಯಾವ ವಿಂಡೋದೊಳಗೆ ಇರಬೇಕು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಮೌಲ್ಯ ಬದಲಾದಾಗ ಯಾವ ಫಂಕ್ಷನ್ ಓಡಬೇಕು ಎಂದು ತಿಳಿಸಿ ಪ್ಯಾಕ್ ಮಾಡಿದರೆ, ಅಂದರೆ ವಿಂಡೋದಲ್ಲಿ ಕೂರಿಸಿದರೆ, ಸ್ಲೈಡರ್ ಪರದೆಯ ಮೇಲೆ ಬಂದಿರುತ್ತದೆ. ಫ್ರಮ್ ಎಂಬುದು ಪೈಥಾನ್ ತನಗಾಗಿ ಕಾಯ್ದಿರಿಸಿಕೊಂಡ ಪದವಾದ್ದರಿಂದ ಕನಿಷ್ಠ ಮೌಲ್ಯದ ಆರ್ಗ್ಯುಮೆಂಟಿನ ಕೊನೆಗೆ ಅಂಡರ್‌ಸ್ಕೋರ್ ಹಾಕಬೇಕು, ದಿಕ್ಕನ್ನು ಹೇಳುವ ಓರಿಯೆಂಟ್ ತಿಳಿಸದಿದ್ದರೆ ಸ್ಲೈಡರ್ ನೆಟ್ಟಗೆ ನಿಂತುಕೊಳ್ಳುತ್ತದೆ ಎಂಬ ಎರಡು ಸಂಗತಿಗಳು ನೆನಪಿದ್ದರೆ ಸಾಕು.

ಈ ವಿಜೆಟಿನ ನಿಜವಾದ ಗುಣ ಇರುವುದು ಒಂದೊಂದು ಹೆಜ್ಜೆ ಎಷ್ಟಿರಬೇಕೆಂದು ಹೇಳುವ ರೆಸಲ್ಯೂಷನ್ ಎಂಬ ಆಯ್ಕೆಯಲ್ಲಿ. ಪೈಥಾನಿನಲ್ಲಿ ಚಿತ್ರಗಳನ್ನು ತಿದ್ದಲು ಬಳಸುವ ಪಿಲ್ಲೋ ಲೈಬ್ರರಿಯಲ್ಲಿ ಹೊಳಪಿನ ಅಂಶ 1 ಆಗಿದ್ದರೆ ಮೂಲ ಚಿತ್ರ, 0 ಆಗಿದ್ದರೆ ಪೂರ್ತಿ ಕಪ್ಪು. ಹಾಗಾಗಿ ಸ್ಲೈಡರನ್ನು 0ರಿಂದ 2ರವರೆಗೆ ಇಟ್ಟು ರೆಸಲ್ಯೂಷನ್ 0.05 ಎಂದು ಕೊಟ್ಟರೆ, ಬಳಕೆದಾರರು ಹೇಗೆ ಎಳೆದರೂ ನಮ್ಮ ಕೈಗೆ ಬರುವುದು 0.95, 1.00, 1.05ರಂತಹ ಅಚ್ಚುಕಟ್ಟಾದ ಮೌಲ್ಯಗಳೇ. ಸ್ಲೈಡರನ್ನು ಅಡ್ಡಲಾಗಿ ಇಟ್ಟರೆ ಆ ಮೌಲ್ಯವನ್ನು ಸ್ಕೇಲ್ ತಾನೇ ಹಿಡಿಯ ಮೇಲ್ಗಡೆ ತೋರಿಸುತ್ತದೆ. ಅಂಕಿಗಳ ನಡುವಿನ ಅಂತರವಾದ ಟಿಕ್ ಇಂಟರ್‌ವಲ್ ಕೊಟ್ಟರೆ ಕೆಳಗಡೆ ಅಂಕಿಗಳನ್ನೂ ಬರೆಯುತ್ತದೆ. ಆರಂಭದ ಮೌಲ್ಯವನ್ನು ಮಾತ್ರ ನಾವೇ 1ಕ್ಕೆ ಹೊಂದಿಸಬೇಕು. ಇಲ್ಲವಾದರೆ ಹಿಡಿ ಕನಿಷ್ಠದಲ್ಲೇ ಕುಳಿತಿರುತ್ತದೆ, ಆ ಮೌಲ್ಯವನ್ನು ಬಳಸಿದ ಕೂಡಲೇ ಫೋಟೋ ಕಪ್ಪಾಗುತ್ತದೆ. ಉದ್ದದ ಬಗೆಗೂ ಎಚ್ಚರ ಬೇಕು. ತಿಳಿಸದೇ ಬಿಟ್ಟರೆ ಸ್ಲೈಡರಿನ ಉದ್ದ 100 ಪಿಕ್ಸೆಲ್, ಅದರಲ್ಲಿ ಹಿಡಿಯೇ 30 ಪಿಕ್ಸೆಲ್ ತಿನ್ನುತ್ತದೆ. ಬಣ್ಣಕ್ಕಾಗಿ 0ರಿಂದ 255ರ ಸ್ಲೈಡರ್ ಮಾಡಿದಾಗ ಉಳಿದ ಸುಮಾರು 70 ಪಿಕ್ಸೆಲ್‌ನಲ್ಲಿ 256 ಮೌಲ್ಯಗಳು ಕೂರಬೇಕಾಗುವುದರಿಂದ, ಮೌಸ್ ಒಂದು ಪಿಕ್ಸೆಲ್ ಸರಿದರೂ ಮೂರು-ನಾಲ್ಕು ಮೌಲ್ಯಗಳು ಹಾರಿಹೋಗುತ್ತವೆ. ಅಲ್ಲಿ 300 ಪಿಕ್ಸೆಲ್‌ಗೆ ಕಡಿಮೆ ಇಡಬಾರದು.

ಟಿಟಿಕೆ ಸ್ಕೇಲ್ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಆಯಾ ವ್ಯವಸ್ಥೆಯ ನೋಟಕ್ಕೆ ಹೊಂದಿಕೊಂಡು ನಿಲ್ಲುತ್ತದೆ; ಅದರ ಪಕ್ಕದಲ್ಲಿ ಹಳೆಯದು ಮೂವತ್ತು ವರ್ಷ ಹಿಂದಿನ ತಂತ್ರಾಂಶದಿಂದ ಎದ್ದುಬಂದಂತೆ ಕಾಣುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಟಿಟಿಕೆ ಸ್ಕೇಲಿನಲ್ಲಿ ರೆಸಲ್ಯೂಷನ್ ಇಲ್ಲ, ಮೌಲ್ಯ ತೋರಿಸುವ ಏರ್ಪಾಡಿಲ್ಲ, ಅಂಕಿಗಳಿಲ್ಲ, ಲೇಬಲ್ ಕೂಡ ಇಲ್ಲ. ಮೌಲ್ಯ ಕಾಣಲೆಂದು ಅದೇ ವೇರಿಯಬಲ್ಲಿಗೆ ಪ್ರತ್ಯೇಕ ಲೇಬಲ್ ಜೋಡಿಸಿದರೆ ದಶಮಾಂಶದ ನಂತರ ಉದ್ದನೆಯ ಬಾಲವಿರುವ ಸಂಖ್ಯೆ ಪರದೆಯ ಮೇಲೆ ಕುಣಿಯುತ್ತದೆ, ಅದನ್ನು ಸವರುವ ಕೆಲಸವೂ ನಮ್ಮದೇ. ಇದಕ್ಕಿಂತ ದೊಡ್ಡ ತೊಂದರೆ ಟಿಕೆಯ 8.6ನೇ ಆವೃತ್ತಿಯಲ್ಲಿ ಸಣ್ಣ ವ್ಯಾಪ್ತಿಯ ಸ್ಲೈಡರ್‌ಗಳಿಗೆ ಎದುರಾಗುತ್ತದೆ. ಪಟ್ಟಿಯ ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿದರೂ, ಬಾಣದ ಕೀಲಿ ಒತ್ತಿದರೂ ಅದು 1ರಷ್ಟೇ ಸರಿಯುತ್ತದೆ. 0ರಿಂದ 2ರ ಸ್ಲೈಡರಿನಲ್ಲಿ 1 ಎಂದರೆ ಅರ್ಧ ಪಟ್ಟಿ. ಮೌಸ್ ಹಿಡಿಯಲಾಗದೆ ಕೀಲಿಮಣೆಯನ್ನೇ ನಂಬಿದವರಿಗೆ ಅಂತಹ ಸ್ಲೈಡರ್ ಇದ್ದೂ ಇಲ್ಲದಂತೆ. ಹಳೆಯ ಸ್ಕೇಲಿನಲ್ಲಿ ಬಾಣದ ಕೀಲಿ ರೆಸಲ್ಯೂಷನ್ ಎಷ್ಟಿದೆಯೋ ಅಷ್ಟೇ ಸರಿಸುತ್ತದೆ, ಕಂಟ್ರೋಲ್ ಜೊತೆ ಒತ್ತಿದರೆ ವ್ಯಾಪ್ತಿಯ ಹತ್ತನೇ ಒಂದು ಭಾಗದಷ್ಟು ಸರಿಸುತ್ತದೆ.

ಎರಡಕ್ಕೂ ಸೇರಿದ ಒಂದು ಕೊರತೆಯನ್ನು ಹೇಳದೆ ಬಿಡುವಂತಿಲ್ಲ. ಹಿಡಿಯನ್ನು ಎಳೆಯುತ್ತಿರುವಷ್ಟು ಹೊತ್ತೂ, ಮೌಲ್ಯ ಬದಲಾದಾಗಲೆಲ್ಲ, ಕಮಾಂಡ್ ಎಂಬ ಆಯ್ಕೆಗೆ ಕೊಟ್ಟ ಫಂಕ್ಷನ್ ಓಡುತ್ತಲೇ ಇರುತ್ತದೆ. ಲೇಬಲ್ ಬದಲಿಸುವುದಕ್ಕೆ ಇದು ಸರಿಯೇ. ಆದರೆ ದೊಡ್ಡ ಫೋಟೋವೊಂದರ ಹೊಳಪನ್ನು ಪ್ರತಿ ಹೆಜ್ಜೆಗೂ ಲೆಕ್ಕ ಹಾಕತೊಡಗಿದರೆ ಹಿಡಿ ಮೌಸಿನ ಹಿಂದೆ ತಡವರಿಸುತ್ತದೆ. ಬ್ರೌಸರಿನ ಸ್ಲೈಡರಿನಲ್ಲಿ ಎಳೆಯುವಾಗಿನ ಸೂಚನೆಯೂ ಬಿಟ್ಟ ಮೇಲಿನ ಸೂಚನೆಯೂ ಬೇರೆಬೇರೆಯಾಗಿ ಸಿಗುತ್ತವೆ, ಟಿಕಿಂಟರ್‌ನಲ್ಲಿ ಅಂತಹ ಆಯ್ಕೆ ಇಲ್ಲ. ಮೌಸ್ ಬಟನ್ ಬಿಟ್ಟ ಘಟನೆಗೆ ಫಂಕ್ಷನ್ ಕಟ್ಟುವುದು ಒಂದು ದಾರಿಯಾದರೂ ಕೀಲಿಮಣೆಯಿಂದ ಆಗುವ ಬದಲಾವಣೆ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ನಾನು ಶಿಫಾರಸು ಮಾಡುವುದು ಆಫ್ಟರ್ ವಿಧಾನವನ್ನು: ಪ್ರತಿ ಬದಲಾವಣೆಗೂ ಹಿಂದೆ ಕಾಯುತ್ತಿದ್ದ ಕೆಲಸವನ್ನು ರದ್ದುಮಾಡಿ, 150 ಮಿಲಿಸೆಕೆಂಡಿನ ನಂತರ ಓಡುವಂತೆ ಹೊಸದಾಗಿ ನಿಗದಿಪಡಿಸಿದರೆ, ಕೈ ನಿಂತ ಮೇಲಷ್ಟೇ ಫೋಟೋ ಬದಲಾಗುತ್ತದೆ. ಫಂಕ್ಷನ್‌ಗೆ ಮೌಲ್ಯ ಸಂಖ್ಯೆಯಾಗಿ ಅಲ್ಲ, ಅಕ್ಷರಗಳ ಸಾಲಾಗಿ (ಸ್ಟ್ರಿಂಗ್) ಬರುವುದರಿಂದ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಆಗಿ ಪರಿವರ್ತಿಸುವುದನ್ನು ಮರೆಯಬಾರದು.

ಕನ್ನಡದಲ್ಲಿ ತಂತ್ರಾಂಶ ಬರೆಯುವವರಿಗೆ ಇನ್ನೊಂದು ಮಾತು. ಹಳೆಯ ಸ್ಕೇಲಿಗೆ ಲೇಬಲ್ ಆಯ್ಕೆ ಇರುವುದರಿಂದ ‘ಹೊಳಪು’ ಎಂದು ಅಲ್ಲೇ ಬರೆಯಬಹುದು; ಆದರೆ ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರಗಳನ್ನು ಜೋಡಿಸುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ‘ವ್ಯತ್ಯಾಸ’, ‘ಸ್ಪಷ್ಟತೆ’ಯಂತಹ ಪದಗಳಲ್ಲಿ ಒತ್ತಕ್ಷರಗಳು ಒಡೆದು ಬೀಳುತ್ತವೆ. ನಮ್ಮ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಲಿನಕ್ಸ್ ಮೇಲೆ ಓಡುವ ಕನ್ನಡದ ತಂತ್ರಾಂಶ ಕೊಡಬೇಕೆನ್ನುವವರು ಇದನ್ನು ಸಹಿಸಿಕೊಳ್ಳಬಾರದು. ಅವರು ಟಿಕಿಂಟರ್‌ನಂತೆಯೇ ವಿಂಡೋ ಕಟ್ಟಿಕೊಡುವ ಕ್ಯೂಟಿಯ ಸ್ಲೈಡರ್ ಆರಿಸಿಕೊಳ್ಳಲಿ: ಅದು ಅಕ್ಷರ ಜೋಡಿಸುವ ಹಾರ್ಫ್‌ಬಝ್ ಬಳಸಿ ಕನ್ನಡವನ್ನು ಸರಿಯಾಗಿ ಮೂಡಿಸುತ್ತದೆ, ಟ್ರ್ಯಾಕಿಂಗ್ ಎಂಬುದನ್ನು ನಿಲ್ಲಿಸಿಬಿಟ್ಟರೆ ಹಿಡಿ ಬಿಟ್ಟ ಮೇಲಷ್ಟೇ ಮೌಲ್ಯ ತಿಳಿಸುತ್ತದೆ. ಅದು ಪೂರ್ಣಾಂಕಗಳನ್ನು ಮಾತ್ರ ಒಪ್ಪುವುದರಿಂದ ಹೊಳಪಿಗೆ 0ರಿಂದ 40ರವರೆಗೆ ಇಟ್ಟು, ಬಂದ ಮೌಲ್ಯವನ್ನು 20ರಿಂದ ಭಾಗಿಸಿಕೊಳ್ಳಬೇಕು.