ದೋಣಿಗೆ ಲೈಟ್ ತಗೊಳ್ಳುವವರೇ, ಮೊದಲು ಸ್ಟಿಕ್ಕರ್ ಕೆರೆದು ನೋಡಿ

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ನಮ್ಮ ಔಟ್‌ಬೋರ್ಡ್ ದೋಣಿಗೆ ಅಂತ 2,800 ರೂಪಾಯಿ ಕೊಟ್ಟು ಒಂದು ಲೈಟ್ ಸೆಟ್ ತಂದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಂಬದ ಮೇಲೆ ಒಂದು ಬಿಳಿ. "ಮರೈನ್ ಲೈಟ್ ಸಾರ್, ಐಪಿ67, ನೀರಲ್ಲಿ ಮುಳುಗಿಸಿದ್ರೂ ಏನಾಗಲ್ಲ" ಅಂದ ಅಂಗಡಿಯವನು. ತನ್ನ ಅಡಾಪ್ಟರ್‌ಗೆ ಸಿಕ್ಕಿಸಿ ತೋರಿಸಿದ. ಕಣ್ಣು ಕುಕ್ಕುವಷ್ಟು ಬೆಳಕು.

ರಾತ್ರಿ ಅಳಿವೆ ದಾಟಿ ಹೋಗುತ್ತಿದ್ದೇವೆ, ಎಡಗಡೆಯಿಂದ ಬಂದರಿಗೆ ವಾಪಸ್ ಬರುವ ಟ್ರಾಲ್ ಬೋಟ್ ಒಂದು ಸೀದಾ ನಮ್ಮ ಮೇಲೇ ಬಂತು. ನಮ್ಮ ಕೆಂಪು ಕಂಡಿದ್ದರೆ ದಾರಿ ಬಿಡಬೇಕಾದವರು ಅವರು. ಟಾರ್ಚ್ ಬೀಸಿ, ಗಂಟಲು ಹರಿಯುವ ಹಾಗೆ ಕೂಗಿದ ಮೇಲೆ ತಿರುಗಿಸಿದರು. ಅದರ ತಾಂಡೇಲ, ಅಂದರೆ ಬೋಟ್ ನಡೆಸುವವನು, ಏನು ಬೈದ ಗೊತ್ತಾ? "ಲೈಟ್ ಹಾಕ್ಲಿಕ್ಕೆ ಆಗುದಿಲ್ವಾ ಮಾರಾಯಾ!" ಲೈಟ್ ಹಾಕಿತ್ತು ಸ್ವಾಮಿ! ಉರೀತಾ ಇತ್ತು! ನಮ್ಮ ದೋಣಿಯ ಹುಡುಗರೇ ನನ್ನ ಮುಖ ನೋಡಿದರು. ಅಷ್ಟು ಅವಮಾನ ಯಾವತ್ತೂ ಆಗಿರಲಿಲ್ಲ.

ದಡಕ್ಕೆ ಬಂದು ಬಿಚ್ಚಿದೆ. ಸ್ಕ್ರೂ ಆಗಲೇ ತುಕ್ಕು, ಗಾಜಿನ ಒಳಗೆ ನೀರಿನ ಹನಿ. ಐಪಿ67 ಅನ್ನುವ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದರೆ ಕೆಳಗೆ ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿದೆ: 24 ವೋಲ್ಟ್. ಲಾರಿಯ ಸೈಡ್ ಲೈಟ್! ನಮ್ಮದು 12 ವೋಲ್ಟ್ ಬ್ಯಾಟರಿ, ಅದರಲ್ಲಿ ಇದು ಮಿಣುಕು ಹುಳದ ಹಾಗೆ ಉರಿಯುತ್ತದೆ ಅಷ್ಟೇ. ಅವನು ತೋರಿಸಿದ ಅಡಾಪ್ಟರ್ 24ರದ್ದೇ ಇರಬೇಕು, ಇಲ್ಲದಿದ್ದರೆ ಅಲ್ಲಿ ಅಷ್ಟು ಬೆಳಕು ಎಲ್ಲಿಂದ ಬಂತು? ಇನ್ನು ಬಿಳಿ ಲೈಟ್ ಮುಂದಕ್ಕೆ ಮಾತ್ರ. ಪಕ್ಕಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಕಪ್ಪು ಪ್ಲಾಸ್ಟಿಕ್. ಅದು ಸುತ್ತಲೂ ಕಾಣಬೇಕು ಅಲ್ವಾ?

ಫೋಟೋ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ, "ನಿಮ್ಮ ಬ್ಯಾಟರಿ ವೀಕ್ ಇರಬೇಕು ಸಾರ್." ನೀರು ಹೊಕ್ಕಿದ್ದು ಹೇಗಪ್ಪಾ ಅಂದರೆ, "ಉಪ್ಪು ನೀರು ತಾಗಿಸಬಾರದು ಸಾರ್." ದೋಣಿಯ ಲೈಟಿಗೆ ಉಪ್ಪು ನೀರು ತಾಗಬಾರದಂತೆ! ದೋಣಿಯನ್ನು ಅಂಗಳದಲ್ಲಿ ಓಡಿಸಬೇಕಾ? 24 ವೋಲ್ಟ್ ಅಚ್ಚಿನ ಫೋಟೋ ಕಳಿಸಿದ ಮೇಲೆ ಎರಡು ನೀಲಿ ಟಿಕ್ ಬಂತು, ಮಾತಿಲ್ಲ. ಮರುದಿನ, "ಬೇಕಿದ್ರೆ ಬೇರೆ ಮಾಡೆಲ್ ಇದೆ, ಸ್ವಲ್ಪ ಬಿಟ್ಟು ಕೊಡ್ತೇನೆ." ನಾಚಿಕೆ ಬೇಡವಾ?

12 ಮೀಟರಿಗಿಂತ ಚಿಕ್ಕ ದೋಣಿಯಾದರೂ ಕೆಂಪು, ಹಸಿರು 1 ನಾಟಿಕಲ್ ಮೈಲಿಗೆ ಕಾಣಬೇಕು, ಬಿಳಿ 2 ಮೈಲಿಗೆ. ಅಂಗಡಿಯ ಅಡಾಪ್ಟರ್ ನಂಬಬೇಡಿ, ನಿಮ್ಮದೇ ಬ್ಯಾಟರಿ ಹೊತ್ತುಕೊಂಡು ಹೋಗಿ. ಕತ್ತಲಾದ ಮೇಲೆ ದೂರದಿಂದ, ಹಿಂದಿನಿಂದ ಎಲ್ಲ ನೋಡಿ. ಎಡಗಡೆಯ ಕೆಂಪು ಬಲಗಡೆ ನಿಂತವರಿಗೂ ಕಂಡರೆ ಅದು ಕೆಲಸಕ್ಕೆ ಬಾರದು. ಬಿಲ್‌ನಲ್ಲಿ 12 ವೋಲ್ಟ್, ದೋಣಿಯ ಲೈಟ್ ಅಂತ ಬರೆಸಿಕೊಳ್ಳಿ. ನನ್ನ ಬಿಲ್‌ನಲ್ಲಿ ಇರುವುದು ಬರೀ "ಎಲ್ಇಡಿ ಐಟಂ". ಅದನ್ನು ಹಿಡಿದುಕೊಂಡು ಯಾರ ಹತ್ತಿರ ಹೋಗಲಿ?