ಮುಂದಿನ ಹಲ್ಲಿಗೆ ಫಿಲ್ಲಿಂಗ್ ಇದ್ಯಾ? ವೈಟ್ನಿಂಗ್ ಕಿಟ್ ತರಿಸೋಕ್ ಮುಂಚೆ ಇದನ್ನ ಓದಿ

ಯಾರ್ಯಾರು ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ್ದೇ ಕಾಂಪೊಸಿಟ್ ಫಿಲ್ಲಿಂಗ್ ಹಾಕ್ಸಿದೀರೋ ಅವರು ಆನ್‌ಲೈನಲ್ಲಿ ಸಿಗೋ ವೈಟ್ನಿಂಗ್ ಕಿಟ್ ಮುಟ್ಟೋಕ್ ಮುಂಚೆ ಒಂದ್ನಿಮಿಷ ನಿಲ್ಲಿ. ಜೆಲ್ಲು ಹಲ್ಲನ್ನ ಬೆಳ್ಳಗೆ ಮಾಡುತ್ತೆ, ಅದ್ರಲ್ಲಿ ಸುಳ್ಳಿಲ್ಲ, ಆದ್ರೆ ಫಿಲ್ಲಿಂಗನ್ನ ಮಾಡಲ್ಲ. ಈ ಒಂದು ಮಾತು ನಾನ್ ತರಿಸಿದ ಡಬ್ಬಿ ಮೇಲೆ ಎಲ್ಲೂ ಇರಲಿಲ್ಲ, "ಡೆಂಟಿಸ್ಟ್ ಅಪ್ರೂವ್ಡ್" ಅಂತ ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ರು, ಯಾವ ಡೆಂಟಿಸ್ಟೋ ಆ ದೇವರಿಗೇ ಗೊತ್ತು.

ನನ್ನ ಮೇಲಿನ ಮುಂದಿನ ಹಲ್ಲಿನ ಮೂಲೆ ಹೈಸ್ಕೂಲಲ್ಲಿ ಖೋ ಖೋ ಆಡುವಾಗ ಮುರಿದಿತ್ತು, ಅಲ್ಲಿಗೆ ಕಾಂಪೊಸಿಟ್ ಇಟ್ಟು ಸರಿಮಾಡಿದ್ರು, ಎಷ್ಟು ಚೆನ್ನಾಗಿ ಹೊಂದ್ಕೊಂಡಿತ್ತು ಅಂದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ತಮ್ಮನ ಮದುವೆ ಹತ್ರ ಬಂತಲ್ಲ ಅಂತ ಕಿಟ್ ತರಿಸ್ದೆ, ಒಂದು ಟ್ರೇ, ಜೆಲ್ ತುಂಬಿದ ಸಿರಿಂಜುಗಳು, ಬಾಯಲ್ಲಿ ಕಚ್ಕೊಳ್ಳೋ ನೀಲಿ ಲೈಟು. ಬರ್ತಾ ಬರ್ತಾ ಹಲ್ಲೆಲ್ಲ ಬೆಳ್ಳಗಾಯ್ತು, ಕಾಫಿ ಕಲೆ ಹೋಯ್ತು, ಖುಷಿಯಾಗಿದ್ದೆ, ಆಮೇಲೆ ನೋಡಿದ್ರೆ ಆ ಮೂಲೆ ಮಾತ್ರ ಹಳೇ ಬಣ್ಣದಲ್ಲೇ ಉಳ್ಕೊಂಡು ಗೆರೆ ಎಳೆದ ಹಾಗೆ ಎದ್ದು ಕಾಣ್ತಿದೆ. ಸಾಲದ್ದಕ್ಕೆ ತಣ್ಣೀರು ತಾಗಿದ್ರೆ ಅದೇ ಹಲ್ಲು ಜುಂ ಅಂತ ನೆತ್ತಿಗೇರೋದು.

ಓಡ್ಹೋದೆ ಡಾಕ್ಟ್ರ ಹತ್ರ, ಮದುವೆ ಇದೆ, ಇವತ್ತೇ ಫಿಲ್ಲಿಂಗ್ ಬದಲಾಯಿಸ್ಕೊಡಿ ಮೇಡಂ ಅಂದೆ. ಅವರು ನಂಬರ್ ಬರೆದಿರೋ ಪುಟ್ಟ ಪುಟ್ಟ ಹಲ್ಲುಗಳ ಸಾಲು ಒಂದನ್ನ ತಂದು ಕಿಟಕಿ ಬೆಳಕಲ್ಲಿ ನನ್ನ ಹಲ್ಲಿನ ಪಕ್ಕ ಹಿಡಿದ್ರು. ಫಿಲ್ಲಿಂಗು ಎ3, ಹಲ್ಲು ಈಗ ಎ1ರ ಹತ್ರ, ಎ ಸಾಲಲ್ಲಿ ನಂಬರ್ ಕಮ್ಮಿ ಆದಷ್ಟೂ ಬಿಳುಪು ಜಾಸ್ತಿ. ಆಮೇಲೆ ಹೇಳಿದ್ರು, ಈಗ ಹೊಸದು ಹಾಕಿದ್ರೆ ನಿಲ್ಲಲ್ಲ ಕಣಮ್ಮಾ, ಕಡಿಮೆ ಅಂದ್ರೂ 2 ವಾರ ಬಿಡ್ಬೇಕು ಅಂತ. ನಂಗೆ ಅಳು ಬರೋದೊಂದು ಬಾಕಿ.

ಕಾರಣ ಏನಪ್ಪಾ ಅಂದ್ರೆ, ಈ ಜೆಲ್ಲಲ್ಲಿರೋದು ಕಾರ್ಬಮೈಡ್ ಪೆರಾಕ್ಸೈಡ್, ಇಲ್ಲಾ ನೇರವಾಗಿ ಹೈಡ್ರೋಜನ್ ಪೆರಾಕ್ಸೈಡ್. 10% ಕಾರ್ಬಮೈಡ್ ಅಂದ್ರೆ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಇದ್ದ ಹಾಗೆ. ಅದು ಎನಾಮೆಲ್ ದಾಟಿ ಒಳಗಿಳಿದು ಹಲ್ಲಿಗೆ ಬಣ್ಣ ಕೊಡೋ ಅಂಶಗಳನ್ನ ಒಡೆಯುತ್ತೆ. ಕಾಂಪೊಸಿಟ್ ಅನ್ನೋದು ರೆಸಿನ್ (ಒಂಥರಾ ಪ್ಲಾಸ್ಟಿಕ್) ಮತ್ತೆ ನುಣ್ಣನೆ ಗಾಜಿನ ಪುಡಿ ಸೇರಿಸಿ ಲೈಟ್ ಹಿಡಿದು ಗಟ್ಟಿಮಾಡಿರೋ ಸಾಮಾನು, ಬಣ್ಣ ಮೊದಲೇ ಅದರೊಳಗೆ ಕಲಸಿರ್ತಾರೆ, ಪೆರಾಕ್ಸೈಡ್ ಅದರ ಮೇಲೆ ಕೂತಿರೋ ಕಾಫಿ ಟೀ ಕಲೆ ತೆಗೀಬಹುದೇ ಹೊರತು ಒಳಗಿನ ಬಣ್ಣಕ್ಕೆ ಏನೂ ಮಾಡಲ್ಲ. ಕ್ಯಾಪ್, ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸೋ ತೆಳು ಪದರ) ಹಾಕ್ಸಿರೋರಿಗೂ ಇದೇ ಕಥೆ. ಕೆಲವು ಕಾಂಪೊಸಿಟ್ ಸ್ವಲ್ಪ ಒರಟಾಗೋದೂ ಉಂಟಂತೆ, ಆಗ ಕಲೆ ಇನ್ನೂ ಬೇಗ ಹಿಡಿಯುತ್ತೆ. ನೀಲಿ ಲೈಟಿಂದ ಹೇಳ್ಕೊಳ್ಳೋ ಅಂಥ ಲಾಭ ಏನಿಲ್ಲ, ಕೆಲಸ ಮಾಡೋದೆಲ್ಲ ಜೆಲ್ಲೇ.

ಕಾಯ್ಬೇಕು ಅನ್ನೋದ್ಯಾಕೆ ಅಂದ್ರೆ ಪೆರಾಕ್ಸೈಡಿಂದ ಬಂದ ಆಕ್ಸಿಜನ್ ಸ್ವಲ್ಪ ದಿನ ಹಲ್ಲೊಳಗೇ ಉಳ್ಕೊಂಡಿರುತ್ತೆ, ಅದು ಇದ್ದಾಗ ರೆಸಿನ್ ಸರಿಯಾಗಿ ಗಟ್ಟಿಯಾಗಲ್ಲ, ಹಲ್ಲಿಗೆ ಕಚ್ಕೊಳ್ಳಲ್ಲ. ಜೊತೆಗೆ ವೈಟ್ನಿಂಗ್ ಮುಗಿದ ತಕ್ಷಣ ಕಾಣೋ ಬಿಳುಪು ಆಮೇಲೆ ಒಂಚೂರು ಇಳಿಯುತ್ತೆ, ಅವತ್ತಿನ ಬಣ್ಣಕ್ಕೇ ಮ್ಯಾಚ್ ಮಾಡಿದ್ರೆ ನಾಳೆ ಫಿಲ್ಲಿಂಗೇ ಹೆಚ್ಚು ಬೆಳ್ಳಗೆ ಕಾಣುತ್ತೆ. ಜುಂ ಅನ್ನೋದು ವೈಟ್ನಿಂಗಲ್ಲಿ ಎಷ್ಟೋ ಜನಕ್ಕೆ ಆಗುತ್ತೆ, ನಂದ್ರಲ್ಲಿ ಫಿಲ್ಲಿಂಗಿನ ಅಂಚು ಬಿಟ್ಕೊಂಡಿತ್ತು, ಜೆಲ್ ಅಲ್ಲಿಂದ ಸಲೀಸಾಗಿ ಒಳಗಿಳಿದಿದೆ.

ಚಪ್ಪರದ ದಿನ ಚಿಕ್ಕಮ್ಮ ಎಲ್ಲರೆದುರಿಗೆ "ಏನೇ, ಹಲ್ಲಿಗೆ ಕಡ್ಲೆಬೇಳೆ ಅಂಟ್ಕೊಂಡಿದೆ, ಹೋಗಿ ಬಾಯಿ ಮುಕ್ಕಳಿಸ್ಕೊಂಡ್ ಬಾ" ಅಂದ್ರು. ಮದುವೆ ಆಲ್ಬಮ್ಮಲ್ಲಿ ನಾನು ತುಟಿ ಬಿಗಿದೇ ನಿಂತಿದೀನಿ, ನಾದಿನಿ ಕಡೆಯೋರು ಇವಳಿಗೆ ಈ ಸಂಬಂಧ ಇಷ್ಟ ಇಲ್ವೇನೋ ಅಂದ್ಕೊಂಡ್ರಂತೆ!

ಮಾಡ್ಸಲೇಬೇಕು ಅಂತಿದ್ರೆ ಮೊದಲು ಡಾಕ್ಟ್ರಿಗೆ ತೋರ್ಸಿ, ಎಲ್ಲೆಲ್ಲಿ ಫಿಲ್ಲಿಂಗ್ ಇದೆ, ಅಂಚು ಗಟ್ಟಿ ಇದ್ಯಾ ಅಂತ ನೋಡ್ತಾರೆ. ಬರೀ ಮೇಲಿನ ಕಲೆ ಆಗಿದ್ರೆ ಪಾಲಿಶಲ್ಲೇ ಮುಗಿದ್ಹೋಗ್ಬಹುದು. ಇಲ್ಲಾಂದ್ರೆ ಮೊದಲು ವೈಟ್ನಿಂಗ್, ಆಮೇಲೆ 2 ವಾರ ಗ್ಯಾಪ್, ಆಮೇಲೆ ಹೊಸ ಫಿಲ್ಲಿಂಗ್, ಅದರ ಖರ್ಚನ್ನೂ ಸೇರಿಸೇ ಲೆಕ್ಕ ಹಾಕಿ. ಮದುವೆ ಮುಂಜಿ ಇದ್ರೆ ಒಂದೆರಡು ತಿಂಗಳು ಮುಂಚೆನೇ ಶುರುಮಾಡಿ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲಲ್ಲಿ ಮಚ್ಚೆ ಇರೋರಂತೂ ಕೇಳ್ದೆ ಮುಟ್ಲೇಬೇಡಿ, ಬಿಳಿ ಮಚ್ಚೆ ಮೊದಮೊದಲು ಇನ್ನೂ ಎದ್ದು ಕಾಣುತ್ತೆ. ಯುರೋಪಲ್ಲಿ 2012ರಿಂದ 0.1%ಗಿಂತ ಜಾಸ್ತಿ, 6% ತನಕ ಪೆರಾಕ್ಸೈಡ್ ಇರೋದನ್ನ ಡೆಂಟಿಸ್ಟ್‌ಗಳಿಗೆ ಮಾತ್ರ ಮಾರ್ಬೇಕು, ಮೊದಲ ಸಲ ಅವರ ಕಣ್ಣೆದುರೇ ಹಚ್ಬೇಕು. ನನ್ನ ಡಬ್ಬಿ ಮೇಲೆ ಎಷ್ಟು ಪರ್ಸೆಂಟ್ ಅಂತಾನೂ ಇರಲಿಲ್ಲ.

ಮಾರಿದೋರಿಗೆ ಫೋಟೋ ಸಮೇತ ಮೆಸೇಜ್ ಹಾಕಿದ್ರೆ ಬಂದ ಉತ್ತರ, "ಇನ್ನೊಂದು ಕೋರ್ಸ್ ಟ್ರೈ ಮಾಡಿ ಮೇಡಂ, ಡಿಸ್ಕೌಂಟ್ ಕೊಡ್ತೀವಿ." ಇನ್ನೊಂದು ಕೋರ್ಸ್ ಹಚ್ಚಿದ್ರೆ ಬೆಳ್ಳಗಾಗೋದು ಮತ್ತೆ ಹಲ್ಲೇ, ಫಿಲ್ಲಿಂಗ್ ಅಲ್ಲ, ವ್ಯತ್ಯಾಸ ಇನ್ನೂ ಜಾಸ್ತಿ ಆಗುತ್ತೆ ಅಂತ ಬರೆದೆ. ನೋಡಿದಾರೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.