ಮುಟ್ಟು ನಿಂತ ಮೇಲಿನ ಉರಿಗೆ ಒಂದು ಟ್ಯೂಬ್ ಜೆಲ್: ಮೂರು ತಿಂಗಳ ಅನುಭವ

ನನಗೆ 56. ಮುಟ್ಟು ನಿಂತು ಆರು ವರ್ಷ. ನಡುರಾತ್ರಿ ಬೆವರಿ ಫ್ಯಾನ್ ಜೋರು ಮಾಡುವ ಕಾಲ ಮುಗಿಯಿತು. ಯೋನಿ ಒಣಗಿ ಉರಿಯುವುದು ಮಾತ್ರ ಜಾಸ್ತಿಯೇ ಆಗುತ್ತಾ ಬಂತು. ಉಡುಪಿಯಿಂದ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಪಡುಬಿದ್ರಿ ಬರುವಷ್ಟರಲ್ಲಿ ಒಂದು ಬದಿಗೆ ವಾಲಿ ಕೂರಬೇಕು. ಗಂಡನ ಹತ್ತಿರ ಮಲಗುವುದಂತೂ ಬಿಟ್ಟೇ ಬಿಟ್ಟಿದ್ದೆ.

ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕ್ರೀಮಿನಿಂದ ಹಲವರಿಗೆ ಗುಣವಾಗುತ್ತದೆ. ಆದರೆ ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ದಿನಾ ಲೆಟ್ರೊಜೋಲ್ ಮಾತ್ರೆ ಉಂಟು. ಮೈಯಲ್ಲಿ ಈಸ್ಟ್ರೋಜನ್ ತಗ್ಗಿಸುವುದೇ ಆ ಮಾತ್ರೆಯ ಕೆಲಸ, ಒಣಗುವುದಕ್ಕೆ ಅದೂ ಒಂದು ಕಾರಣ. "ಮೊದಲು ಹಾರ್ಮೋನ್ ಇಲ್ಲದ್ದು ನೋಡುವ" ಎಂದು ಡಾಕ್ಟರಮ್ಮ ಹೈಯಲುರಾನಿಕ್ ಆಸಿಡ್ ಇರುವ ಜೆಲ್ ಬರೆದುಕೊಟ್ಟರು.

ಮೊದಲು ಹೋದ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಎಂತದು, ಕೆಳಗೆ ಹಾಕುವುದಾ?" ಎಂದು ಗಟ್ಟಿಯಾಗಿ ಕೇಳಿದ. ಹಿಂದೆ ನಮ್ಮ ಕೇರಿಯ ಭಟ್ರು ಕೆಮ್ಮಿನ ಸಿರಪ್‌ಗೆ ನಿಂತಿದ್ದರು! "ಇದೂ ಅದೇ" ಎಂದು ಅವನು ಕೊಟ್ಟದ್ದು ಘಮಘಮ ಎನ್ನುವ ಗುಲಾಬಿ ಬಣ್ಣದ ವಾಶ್. ಎರಡು ದಿನ ಹಾಕಿ ಉರಿಯಲ್ಲಿ ಅತ್ತೆ. ಅದನ್ನು ಎಸೆಯಿರಿ, ಅಲ್ಲಿಗೆ ಸೋಪೂ ಬೇಡ, ಬರೀ ನೀರು ಸಾಕು ಎಂದರು ಡಾಕ್ಟರಮ್ಮ.

ಇನ್ನೊಂದು ಅಂಗಡಿಯಲ್ಲಿ ಸರಿಯಾದ್ದು ಸಿಕ್ಕಿತು. ಟ್ಯೂಬಿನ ಜತೆ ಪ್ಲಾಸ್ಟಿಕ್ ನಳಿಕೆ ಬರುತ್ತದೆ. ಗೆರೆಯವರೆಗೆ ಜೆಲ್ ತುಂಬಿಸಿ, ಮಲಗಿಕೊಂಡು ಹಾಕಬೇಕು. ಮೊದಲ ಸಲ ಬಚ್ಚಲಲ್ಲಿ ನಿಂತೇ ಹಾಕಿದೆ, ಅರ್ಧ ನೆಲಕ್ಕೆ. ವಾರಕ್ಕೆ ಮೂರು ರಾತ್ರಿ. ಈ ಆಸಿಡ್ ಸುಡುವಂಥದ್ದಲ್ಲ, ನೀರನ್ನು ಹಿಡಿದಿಡುವಂಥದ್ದು. ಬೆಳಗ್ಗೆ ಸ್ವಲ್ಪ ಸೋರುತ್ತದೆ, ತೆಳು ಪ್ಯಾಡ್ ಇಟ್ಟುಕೊಳ್ಳಿ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಮೂರನೇ ವಾರ ಬಸ್ಸಿನಲ್ಲಿ ಸುರತ್ಕಲ್ ದಾಟಿದಾಗ ನೆನಪಾಯಿತು: ಅರೆ, ನೆಟ್ಟಗೆ ಕೂತಿದ್ದೇನೆ!

ಗಂಡನ ಜತೆಗೆ ಇದೊಂದೇ ಸಾಕು ಅಂದುಕೊಂಡಿದ್ದೆ. ಸಾಲದು ಮಾರಾಯ್ರೆ. ಇದು ದಿನನಿತ್ಯದ ತೇವಕ್ಕೆ. ಆ ಹೊತ್ತಿಗೆ ಬೇರೆ ಲೂಬ್ರಿಕೆಂಟ್ ಬೇಕು. ನೀರಿನದ್ದು ಬೇಗ ಆರುತ್ತದೆ, ಸಿಲಿಕೋನಿನದ್ದು ಜಾಸ್ತಿ ಹೊತ್ತು ಜಾರುತ್ತದೆ. ಕುಂದಾಪುರದ ಅಕ್ಕ ತೆಂಗಿನೆಣ್ಣೆಯೇ ಸಾಕು ಅನ್ನುತ್ತಾಳೆ. ಕಾಂಡೋಮ್ ಬಳಸುವವರು ಎಣ್ಣೆ ಮುಟ್ಟಬೇಡಿ, ರಬ್ಬರ್ ಹಾಳಾಗುತ್ತದೆ. ನಮಗೆ ಆ ಚಿಂತೆ ಇಲ್ಲ, ಬೆಡ್‌ಶೀಟಿನ ಕಲೆಯದ್ದೇ ತಲೆನೋವು.

ಅರ್ಧ ಕೆಜಿ ಅಂಜಲ್ ಮೀನಿನಷ್ಟು ರೇಟು, ಅದು ಬೇಜಾರು. ಬಿಟ್ಟರೆ ಉರಿ ವಾಪಸ್ ಬರುತ್ತದೆ. ಮಗಳ ಬಾಣಂತನಕ್ಕೆ ಹೋದಾಗ ಎರಡು ವಾರ ಬಿಟ್ಟು ನೋಡಿದ್ದೇನೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ಜೆಲ್ ಹುಡುಕಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಒಳಗಿನ ಚೀಟಿಗೆ: ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ, ಕನ್ನಡದ ಒಂದು ಸಾಲೂ ಇಲ್ಲ. ಕೊನೆಗೆ ಸೊಸೆಯ ಹತ್ತಿರ ಓದಿಸಿದೆ. ಓದಿದವಳು ಸುಮ್ನೆ ಡಬ್ಬಿಯ ಫೋಟೊ ತೆಗೆದು ಕಾರ್ಕಳದ ತನ್ನ ಅಮ್ಮನಿಗೆ ಕಳಿಸಿದಳು.